ಮಾಸ್ಟರ್ ನೀರಿಗಿಳಿಯದ ದಿನಗಳು

ಜನವರಿ ೧೮

ಮಾಸ್ಟರಿಗೆ,

ಸುಖವಾಗಿ ತಲುಪಿದೆ. ಅಕ್ಕನ ಸೊಂಟದ ಆಪರೇಷನ್ ಚೆನ್ನಾಗಿಯೇ ಆಗಿದೆಯಂತೆ. ನನ್ನನ್ನು ಕಂಡ ಕೂಡಲೇ "ಯಜಮಾನರನ್ನ ಒಬ್ಬರನ್ನೇ ಬಿಟ್ಟು ಬಂದ್ಯಾ? ಇನ್ನು ಅವರು ಸ್ನಾನಾನೂ ಮಾಡಲ್ಲ ಬಿಡು" ಎಂದಳು. ಈಜು ಕಲಿಸುವವರಿಗೆ ಸ್ನಾನದ ಚಿಂತೆ ಏಕೆ, ಅರ್ಧ ದಿನ ನೀರಿನಲ್ಲೇ ಇರುತ್ತಾರಲ್ಲ ಎಂದೆ. ನಕ್ಕಳು, ನಕ್ಕರೆ ಹೊಲಿಗೆ ಎಳೆಯುತ್ತದೆ ಎಂದು ನನ್ನನ್ನೇ ಬೈದಳು.

ಫೋನ್ ಬೇಡ, ಕಾಗದ ಬರೆಯೋಣ ಎಂದು ಹೊರಡುವಾಗ ಹೇಳಿದ್ದು ನಿಮಗೆ ಬೇಸರವಾಗಿದೆ ಎಂದು ಗೊತ್ತು. ಹೋದ ವರ್ಷ ಕಾಯಿಲೆ ಬಿದ್ದಿದ್ದಾಗ ನಾನು ತರಕಾರಿ ಅಂಗಡಿಯಲ್ಲಿದ್ದರೂ ಫೋನ್ ಮಾಡಿ ಪಕ್ಕದಲ್ಲಿ ಯಾರಿದ್ದಾರೆ, ಅದು ಯಾರ ಕೆಮ್ಮು ಎಂದು ಕೇಳುತ್ತಿದ್ದಿರಿ. ಅದನ್ನು ಕೇಳಿದ್ದು ಕಾಯಿಲೆ, ನೀವಲ್ಲ. ಮಾತ್ರೆ ಶುರುವಾದ ಮೇಲೆ ಅದೆಲ್ಲ ಬಿಟ್ಟುಹೋಯಿತು. ಆದರೂ ಈಗಲೂ ಫೋನ್ ಸದ್ದಾದರೆ ಎತ್ತುವ ಮೊದಲು ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿಕೊಳ್ಳುತ್ತೇನೆ. ಇನ್ನಷ್ಟು ದಿನ ಕಾಗದದಲ್ಲೇ ಮಾತಾಡೋಣ.

ಅಕ್ಕನಿಗೆ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋ ಬರುತ್ತಾರೆ. ಬೋಳುತಲೆ, ಎರಡು ಮಕ್ಕಳ ತಂದೆ, ಬಾಯಿ ತುಂಬ ಮಾತು. ಅಕ್ಕ ಎದ್ದು ಕೂತ ಮೇಲೆ, ಫೆಬ್ರವರಿಯಲ್ಲಿ, ನಾಲ್ಕು ದಿನ ಬಂದು ಹೋಗಿ. ಊಟವಾದ ಮೇಲಿನ ಮಾತ್ರೆ ಮರೆಯಬೇಡಿ.

ನಿಮ್ಮ ಸೂಜಿ


ಜನವರಿ ೨೭

ಸೂಜಿ,

ಕಾಗದ ಬಂತು. ಈಜುಕೊಳದಲ್ಲಿ ಎಲ್ಲ ಎಂದಿನಂತೆ. ಬೆಳಗಿನ ತಂಡದ ನಿವೃತ್ತರು ಇನ್ನೂ ನೀರಿಗೆ ಬಿದ್ದ ಬೆಕ್ಕಿನ ಹಾಗೆಯೇ ಕೈಕಾಲು ಬಡಿಯುತ್ತಾರೆ. ದಿನವೂ ಅವರ ಜೊತೆ ಇಳಿದು, ಬೆನ್ನಿನ ಕೆಳಗೆ ಕೈಯಿಟ್ಟು ತೇಲಿಸುತ್ತಿದ್ದೇನೆ.

ಫೆಬ್ರವರಿಯಲ್ಲಿ ಬರಲಾಗುವುದಿಲ್ಲ. ಕೊಳದ ನೀರು ಬದಲಿಸುವ ಕೆಲಸವಿದೆ. ನಾನಿಲ್ಲದಿದ್ದರೆ ಮನಬಂದಷ್ಟು ಕ್ಲೋರಿನ್ ಸುರಿದು ಎಲ್ಲರ ಕಣ್ಣು ಕೆಂಪು ಮಾಡುತ್ತಾರೆ. ಜೊತೆಗೆ ಚಳಿ. ಎರಡು ಬನಿಯನ್ ಹಾಕಿಕೊಂಡು ಮೇಲೊಂದು ಜಾಕೆಟ್ ಹಾಕುತ್ತೇನೆ.

ಹೊರಡುವ ವಾರ ಡಾಕ್ಟರ ಮುಂದೆ ನೀನು ಹೇಳಿದ ಮಾತು ಆಗಾಗ ನೆನಪಾಗುತ್ತದೆ. ನೀನು ಹೇಳಿದ್ದು ಸರಿ. ವಯಸ್ಸಾಯಿತು. ನನ್ನ ಚಿಂತೆ ಬಿಟ್ಟು ಅಕ್ಕನನ್ನು ನೋಡಿಕೋ.

ಮಾಸ್ಟರ್


ಫೆಬ್ರವರಿ ೯

ಮಾಸ್ಟರಿಗೆ,

ಸೂಜಿ ಎಂದು ಹೆಸರಿಟ್ಟವರು ನೀವೇ, ಆದ್ದರಿಂದ ಚುಚ್ಚಿದರೆ ತಡೆದುಕೊಳ್ಳಿ. ಈಜುಕೊಳದ ಟಿಕೆಟ್ ಕೌಂಟರಿನಾಕೆ ಅಕ್ಕನ ಆರೋಗ್ಯ ವಿಚಾರಿಸಲು ಫೋನ್ ಮಾಡಿದ್ದರು. ಮಾತಿನ ನಡುವೆ, ಮಾಸ್ಟರ್ ನೀರಿಗಿಳಿದು ತಿಂಗಳುಗಳೇ ಆದವು, ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಕೊರಳವರೆಗೆ ಜಿಪ್ ಎಳೆದು ಸೀಟಿ ಊದುತ್ತಾರೆ ಎಂದರು. ನೀವು ದಿನವೂ ಇಳಿಯುತ್ತೇನೆ ಎಂದು ಬರೆದಿದ್ದೀರಿ. ನನಗೆ ಸುಳ್ಳು ಬರೆಯುವ ಅಗತ್ಯವೇನಿತ್ತು?

ಕೇಳಬಾರದು ಎಂದುಕೊಂಡಿದ್ದೆ, ಕೇಳಿಬಿಡುತ್ತೇನೆ. ನಾನು ಹೊರಡುವ ಮೊದಲು ಎಷ್ಟೋ ದಿನದಿಂದ ನೀವು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಿರಿ. ಕೈ ತಾಗಿದರೆ ಬೆಂಕಿ ಮುಟ್ಟಿದವರಂತೆ ಸರಿಯುತ್ತಿದ್ದಿರಿ. ಆಮೇಲೆ ಹಾಲ್‌ನ ಸೋಫಾಕ್ಕೇ ಹೋದಿರಿ. ಒಳಗೊಳಗೇ ನನ್ನ ಮೇಲೆ ಅನುಮಾನ ಉಳಿದಿದೆಯೇ? ಬಾಯಲ್ಲಿ ಮಾತ್ರ ಬಿಟ್ಟಿದ್ದೀರಾ? ಇದ್ದರೆ ಇದೆ ಎನ್ನಿ.

ಡಾಕ್ಟರ ಹತ್ತಿರ ನಾನೇನು ಹೇಳಿದೆ? ಊಟ, ನಿದ್ದೆ ಚೆನ್ನಾಗಿದೆ ಎಂದೆ. ಅದರಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಏನಿದೆಯೋ.

ನೀರು ಬದಲಿಸುವುದು ಯಾರಿಗೆ ಬೇಕು, ಬನ್ನಿ. ನನ್ನ ಕೋಣೆಯಲ್ಲಿ ದೊಡ್ಡ ಮಂಚವೇ ಇದೆ.

ಸೂಜಿ


ಫೆಬ್ರವರಿ ೧೬

ಸೂಜಿ,

ಅನುಮಾನವಿಲ್ಲ. ನಿನ್ನಾಣೆ ಇಲ್ಲ. ಹೋದ ವರ್ಷ ನಿನ್ನನ್ನು ಏನೇನು ಕೇಳಿದೆ ಎಂದು ನೆನೆದರೆ ಕನ್ನಡಿಯ ಮುಂದೆ ನಿಲ್ಲಲಾಗುವುದಿಲ್ಲ.

ನೀರಿಗೆ ಇಳಿಯದಿದ್ದುದು ನಿಜ. ಸ್ವಲ್ಪ ದಪ್ಪಗಾಗಿದ್ದೇನೆ, ಈಜುಡುಗೆಯಲ್ಲಿ ಚೆನ್ನಾಗಿ ಕಾಣುವುದಿಲ್ಲ. ಅಷ್ಟೇ ವಿಷಯ. ನಗಬೇಡ. ಅದಕ್ಕೊಂದು ದಾರಿ ಕಂಡುಕೊಂಡಿದ್ದೇನೆ, ಏನು ಎಂದು ಕೇಳಬೇಡ. ನೀನು ಬರುವಷ್ಟರಲ್ಲಿ ಹಳೆಯ ಮಾಸ್ಟರ್ ಆಗಿರುತ್ತೇನೆ, ಎಲ್ಲ ರೀತಿಯಲ್ಲೂ.

ಈಗಲೇ ಮೈ ಹಗುರವಾಗಿದೆ. ಬೆಳಕು ಹರಿಯುವ ಮುಂಚೆ ಎಚ್ಚರ. ಅಟ್ಟ ಗುಡಿಸಿದೆ, ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು ಎತ್ತರದ ಪ್ರಕಾರ ಜೋಡಿಸಿದೆ. ಮಂಚದ ವಿಷಯ ಬರೆದೆಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದೆನೋ.

ಮಾಸ್ಟರ್


ಮಾರ್ಚ್ ೫

ಮಾಸ್ಟರಿಗೆ,

ನಿಮ್ಮ ಕಾಗದ ಓದಿ ಮನಸ್ಸು ತಿಳಿಯಾಯಿತು. ಹೊಟ್ಟೆ ಬಂತೆಂದು ನಾಚಿ ಜಾಕೆಟ್ ಹಾಕಿಕೊಳ್ಳುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಕ್ಕನಿಗೆ ಓದಿ ಹೇಳಿದೆ (ಮಂಚದ ಸಾಲು ಬಿಟ್ಟು). "ಡಬ್ಬಿ ತೊಳೆಯೋ ಗಂಡ ಬೇಕು ಅಂತ ನಾನೂ ಅರ್ಜಿ ಹಾಕಿದ್ದೆ, ಮಂಜೂರಾಗಲಿಲ್ಲ" ಎಂದಳು. ನೀವು ಇಷ್ಟು ಹುರುಪಿನಿಂದ ಮಾತಾಡಿ ವರ್ಷವಾಗಿತ್ತು.

ಈ ತಿಂಗಳು ಹೊರಡಲಾಗುವುದಿಲ್ಲ. ಅಕ್ಕನಿಗೆ ಇನ್ನೂ ನಾನು ಬೇಕು.

ಅಕ್ಷರ ವಕ್ರವಾಗಿದ್ದರೆ ಬೇಸರಿಸಬೇಡಿ. ಕುಕ್ಕರಿನ ಹಬೆ ಬಡಿದು ಬಲಗೈ ಬೊಬ್ಬೆಯೆದ್ದಿದೆ. ಲಕೋಟೆಯ ವಿಳಾಸವನ್ನು ಫಿಸಿಯೋ ಅವರಿಂದ ಬರೆಸಿದೆ. ಅವರು ಅಂಚೆಪೆಟ್ಟಿಗೆಯ ದಾರಿಯಲ್ಲೇ ಹೋಗುತ್ತಾರೆ.

ಸೂಜಿ


ಮಾರ್ಚ್ ೧೧

ಹೆಂಡತಿಯವರಿಗೆ,

ನೀವು ಕಳಿಸಿದ ಲಕೋಟೆ ತಲುಪಿತು. ಮೇಲಿನ ಕೈಬರಹ ಒಂದು, ಒಳಗಿನದು ಇನ್ನೊಂದು. ನನ್ನ ಮನೆಯ ವಿಳಾಸ ಆ ಮನುಷ್ಯನಿಗೆ ಬಾಯಿಪಾಠವಾಗಿರುವಂತಿದೆ, ಒಂದು ಕಡೆಯೂ ಪೆನ್ನು ತಡವರಿಸಿಲ್ಲ.

ಬಲಗೈ ಸುಟ್ಟವರು ಒಳಗಿನ ಕಾಗದ ಹೇಗೆ ಬರೆದಿರಿ? ಇಡೀ ಕಾಗದ ಬರೆದ ಕೈಗೆ ವಿಳಾಸ ಮಾತ್ರ ಆಗದೆ ಹೋಯಿತೇ? ಅಕ್ಕನಿಗೆ ನಾನು ಬೇಕು ಎನ್ನುತ್ತೀರಿ. ಯಾರಿಗೆ ಯಾರು ಬೇಕು ಎಂಬುದು ನನಗೂ ತಿಳಿಯುತ್ತದೆ.

ಎಲ್ಲ ಮುಗಿಯಿತು ಎಂದು ಡಾಕ್ಟರ ಮುಂದೆ ಅಂದಿರಲ್ಲ. ನನ್ನ ಪಾಲಿಗೆ ಮುಗಿಯಿತು ಎಂದರ್ಥ, ಅಲ್ಲವೇ? ಆಗ ಹೊಳೆಯಲಿಲ್ಲ. ಈಗ ತಲೆ ಸ್ವಚ್ಛವಾಗಿದೆ, ಎಲ್ಲವೂ ಹೊಳೆಯುತ್ತಿದೆ.

ಉತ್ತರ ಬರೆಯುವ ಶ್ರಮ ಬೇಡ.


ಮಾರ್ಚ್ ೩೦
(ಆಸ್ಪತ್ರೆಯ ಮೂರನೇ ಮಹಡಿ, ಮನೋರೋಗ ವಿಭಾಗದ ಗಂಡಸರ ವಾರ್ಡು. ಸಿಸ್ಟರ್ ಕೈಯಲ್ಲಿ)

ಮಾಸ್ಟರಿಗೆ,

ಅಕ್ಕನ ಮನೆಯಿಂದ ನಿಮ್ಮ ಆಸ್ಪತ್ರೆಗೆ ಬಸ್ಸಿನಲ್ಲಿ ಎರಡೇ ನಿಲ್ದಾಣ. ಎರಡು ಸಲ ಭೇಟಿಯ ಹೊತ್ತಿಗೆ ಬಂದೆ, ಎರಡು ಸಲವೂ ನೀವು ಹೊದಿಕೆ ಮುಖದ ಮೇಲೆ ಎಳೆದುಕೊಂಡಿರಿ. ಆದ್ದರಿಂದ ಮತ್ತೆ ಕಾಗದ.

ನಡೆದದ್ದು ನಿಮಗೆ ಎಷ್ಟು ನೆನಪಿದೆಯೋ ಗೊತ್ತಿಲ್ಲ. ಇರುವುದನ್ನು ಇರುವಂತೆ ಹೇಳುತ್ತೇನೆ, ಮುಚ್ಚಿಟ್ಟು ಸಾಕಾಗಿದೆ. ನೀವು ಹೇಳದೆ ಕೇಳದೆ ಬಂದಿರಿ. ಬೆಳಗಿನಿಂದ ಎದುರಿನ ಔಷಧಿ ಅಂಗಡಿಯ ಹತ್ತಿರ ನಿಂತಿದ್ದಿರಂತೆ, ಅಂಗಡಿಯವರು ಆಮೇಲೆ ಹೇಳಿದರು. ಮಧ್ಯಾಹ್ನ ಫಿಸಿಯೋ ವ್ಯಾಯಾಮ ಮುಗಿಸಿ ಹೊರಟಾಗ ಮೆಟ್ಟಿಲ ಮೇಲೆ ಅವರ ಕೊರಳಪಟ್ಟಿ ಹಿಡಿದಿರಿ. "ನನ್ನ ಮನೆ ವಿಳಾಸ ಹೇಳೋ" ಎಂದು ಕೇಳಿದಿರಿ. ಅವರಿಗೆ ಅರ್ಥವೇ ಆಗಲಿಲ್ಲ. ತಳ್ಳಿದಿರಿ. ಅವರು ಉರುಳಿ ಮಣಿಕಟ್ಟು ಮುರಿಯಿತು. ಅಕ್ಕ ಕೋಲೂರಿಕೊಂಡು ಬಂದು ನಿಮ್ಮನ್ನು ಬೈದಳು, ಆಮೇಲೆ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು. ನಾನು ನಿಮ್ಮ ಕೈ ಹಿಡಿಯಲು ಬಂದಾಗ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ.

ಅದೇ ಸಂಜೆ ಅಕ್ಕಪಕ್ಕದವರ ನೆರವಿನಿಂದ ನಿಮ್ಮನ್ನು ಇಲ್ಲಿಗೆ ತಂದು ಸೇರಿಸಿದಾಗ ಸಿಸ್ಟರ್ ನಿಮ್ಮ ಬಟ್ಟೆಗಳನ್ನು ಚೀಲದಲ್ಲಿ ಹಾಕಿ ಕೊಟ್ಟರು. ಅದರಲ್ಲಿ ಉದ್ದದ ಬ್ಯಾಂಡೇಜ್ ಸುರುಳಿ, ಬೆವರಿನಿಂದ ಹಳದಿಯಾಗಿತ್ತು. ಪಕ್ಕೆಲುಬಿಗೆ ಪೆಟ್ಟಾಗಿದೆಯೇ ಎಂದು ಕೇಳಿದೆ. "ಇಲ್ಲಮ್ಮ, ಎದೆ ಕಾಣಬಾರದು ಅಂತ ಬಿಗಿದುಕೊಂಡಿದ್ರು. ನಿಮಗೆ ಗೊತ್ತಿರ್ಲಿಲ್ವಾ?" ಎಂದರು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು ಇಲ್ಲ ಎನ್ನಬೇಕಾಯಿತು. ಆ ಸಿಸ್ಟರ್ ನನಗೆ ಮಗಳಾಗುವ ವಯಸ್ಸಿನವರು. ನೆಲ ನೋಡುತ್ತಾ ಚೀಲ ತೆಗೆದುಕೊಂಡೆ. ನಾನು ಹೊಟ್ಟೆ ಎಂದು ನಕ್ಕಿದ್ದೆ.

ಡಾಕ್ಟರ ಮುಂದೆ ನಾನು ಹೇಳಿದ್ದೂ ಈಗ ನೆನಪಾಯಿತು. ಅವರು ನಿಮ್ಮನ್ನೇ ನೋಡುತ್ತಾ, "ಗಂಡ ಹೆಂಡತಿ ವಿಷಯದಲ್ಲಿ ಏನಾದ್ರೂ ತೊಂದ್ರೆ ಇದ್ಯಾ?" ಎಂದರು. ನೀವು ಬಾಯಿ ತೆರೆದಿರಿ. ಅಷ್ಟರಲ್ಲಿ ನಾನು, "ಅಯ್ಯೋ, ಅದೆಲ್ಲ ಮುಗೀತು ಡಾಕ್ಟರೇ, ನಮಗೇನು ಚಿಕ್ಕ ವಯಸ್ಸಾ" ಎಂದು ನಕ್ಕುಬಿಟ್ಟೆ. ನನಗೆ ನಾಚಿಕೆಯಾಗಿತ್ತು, ಅಷ್ಟೇ. ನೀವು ಬಾಯಿ ಮುಚ್ಚಿದಿರಿ. ಅವರು ಚೀಟಿ ಬರೆದರು.

ಸೂಜಿ


ಏಪ್ರಿಲ್ ೮

ಸೂಜಿ,

ಬಾಯಲ್ಲಿ ಹೇಳಲಾರೆ, ಬರೆಯುತ್ತೇನೆ. ಪೆನ್ನು ಇಟ್ಟು ಮೂರು ಸಲ ಎದ್ದುಹೋಗಿ ಬಂದೆ. ನನಗೆ ಮೊಲೆ ಬಂದವು.

ಹೋದ ಬೇಸಿಗೆಯಲ್ಲಿ ಸೋಪು ಹಚ್ಚುವಾಗ ಗಂಟಿನಂತೆ ಸಿಕ್ಕಿತು, ಮುಟ್ಟಿದರೆ ನೋವು. ಕೊಬ್ಬು ಎಂದುಕೊಂಡು ದಂಡ ಹೊಡೆದೆ. ಅದು ಇನ್ನೂ ಬೆಳೆಯಿತು. ಬೆಳಗಿನ ತಂಡದಲ್ಲಿ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರಲ್ಲ, ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರ ಮುಂದೆ, "ಮಾಸ್ಟರ್, ಇನ್ಮೇಲೆ ನೀವು ಹೆಂಗಸರ ಬ್ಯಾಚಿಗೆ ಬರ್ಬೇಕಾಗುತ್ತೆ" ಎಂದರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ. ಮರುದಿನದಿಂದ ಜಾಕೆಟ್. ಒಂದು ಬೆಳಿಗ್ಗೆ ಬನಿಯನ್ನಿನ ಮೇಲೆ ಎರಡು ಒದ್ದೆ ಚುಕ್ಕೆ ಕಂಡವು. ಅದನ್ನು ನಾನೇ ಒಗೆದು, ಒಳಗೇ ಒಣಗಿಸಿದೆ.

ಆ ಇನ್ನೊಂದು ವಿಷಯದಲ್ಲೂ ದೇಹ ಸತ್ತಂತಿತ್ತು. ನಿನ್ನ ಕೈ ತಾಗಿದರೆ ಆಸೆ ಹುಟ್ಟುತ್ತಿರಲಿಲ್ಲ, ಎದೆ ತಾಗೀತೆಂಬ ಭಯ ಮಾತ್ರ ಹುಟ್ಟುತ್ತಿತ್ತು. ಅಂದು ಡಾಕ್ಟರ ಮುಂದೆ ಹೇಳಬೇಕೆಂದೇ ಬಾಯಿ ತೆರೆದಿದ್ದೆ. ನೀನು ನಕ್ಕೆ. ನಿನಗೆ ಗೊತ್ತಾಗಿದೆ, ನೋಡಿ ಅಸಹ್ಯಪಟ್ಟಿದ್ದೀಯ, ಅದಕ್ಕೇ ನೀನು ಮುಗಿಯಿತು ಎಂದದ್ದು ಎಂದುಕೊಂಡೆ. ಆಮೇಲೆ ನೀನು ಮಂಚದ ವಿಷಯ ಬರೆದೆ. ಈ ಮೈ ಹೊತ್ತು ಅಲ್ಲಿಗೆ ಹೇಗೆ ಬರಲಿ? ಆ ದಿನವೇ ಮಾತ್ರೆ ಬಿಟ್ಟೆ. ಮಾತ್ರೆಯೇ ಕಾರಣ ಎಂದು ಯಾರೂ ಹೇಳಿರಲಿಲ್ಲ, ಆದರೆ ಅದು ಶುರುವಾದ ಮೇಲೆಯೇ ಇದು ಬಂದದ್ದು ಎಂದು ಲೆಕ್ಕ ಹಾಕಿದ್ದೆ. ಮೊದಲ ವಾರ ನಿಜವಾಗಿಯೂ ಹಗುರವಾಗಿದ್ದೆ. ಆಮೇಲೆ ಹಗುರವಾದದ್ದು ತಲೆ. ಕಾಯಿಲೆ ಹಿಂದಿರುಗಿದ್ದು ನನಗೆ ಗೊತ್ತೇ ಆಗಲಿಲ್ಲ, ಎಲ್ಲ ಹೊಳೆಯುತ್ತಿದೆ ಎಂದೇ ಅನಿಸುತ್ತಿತ್ತು.

ಇಲ್ಲಿಯ ಡಾಕ್ಟರಮ್ಮ ಕಲಿಯಲು ಬಂದ ಮೆಡಿಕಲ್ ವಿದ್ಯಾರ್ಥಿಗಳನ್ನೆಲ್ಲ ಹೊರಗೆ ಕಳಿಸಿ, ಪರದೆ ಎಳೆದು ಪರೀಕ್ಷೆ ಮಾಡಿದರು. ಯಾಕೆ ಯಾರಿಗೂ ಹೇಳಲಿಲ್ಲ ಎಂದರು. ಗಂಡಸು ಹೇಗೆ ಹೇಳೋದು ಎಂದೆ. "ಹಾಲೂಡೋ ತಾಯಂದಿರಲ್ಲಿ ಏರೋ ಹಾರ್ಮೋನು ಅದು. ಗಂಡಸರ ಮೈಯಲ್ಲೂ ಚೂರು ಇರುತ್ತೆ. ನಿಮ್ಮ ಮಾತ್ರೆ ಅದನ್ನ ಏರಿಸಿದೆ. ನೀವು ಹೆಂಗಸಾಗ್ತಿಲ್ಲ, ನಿಮ್ಮ ತಪ್ಪೂ ಅಲ್ಲ. ಶುರುವಲ್ಲೇ ನಿಮಗೆ ಹೇಳಬೇಕಿತ್ತು" ಎಂದರು. ರಕ್ತ ತೆಗೆದರು. ಬೇರೇನೂ ಕಾರಣವಿಲ್ಲ ಎಂದು ಖಾತ್ರಿಯಾಗಲು ತಲೆಯ ಸ್ಕ್ಯಾನ್ ಆಯಿತು, ಈ ಹಾರ್ಮೋನು ಏರಿದರೆ ಮೂಳೆ ಸವೆಯುತ್ತದೆಂದು ಅದಕ್ಕೂ ಒಂದು ಪರೀಕ್ಷೆ. ಈಗ ಬೇರೆ ಮಾತ್ರೆ, ವಯಸ್ಸು ನೋಡಿ ಚಿಕ್ಕ ಪ್ರಮಾಣದಿಂದ ಏರಿಸುತ್ತಾರೆ. ಇದೂ ಒಗ್ಗದಿದ್ದರೆ ಮತ್ತೊಂದು ದಾರಿ ಇದೆ, ಹೇಳದೆ ಬಿಡುವುದು ಮಾತ್ರ ದಾರಿಯಲ್ಲ ಎಂದರು. ತಲೆ ಬಗ್ಗಿಸಿ ಒಪ್ಪಿಕೊಂಡೆ.

ಫಿಸಿಯೋ ಅವರಿಗೆ ಕ್ಷಮೆಯ ಕಾಗದ ಬರೆಯಲು ಕೂತೆ. ಏನು ಬರೆದರೂ ಕಾಯಿಲೆಯ ತಲೆಗೆ ಕಟ್ಟಿದಂತೆ ಕಾಣುತ್ತದೆ. ತಳ್ಳಿದ್ದು ನನ್ನ ಕೈಯಲ್ಲವೇ? ಹರಿದುಹಾಕಿದೆ, ಮತ್ತೆ ಬರೆದೆ. ಇದರ ಜೊತೆಗಿದೆ, ತಲುಪಿಸು.

ಸದ್ಯ ನೋಡಲು ಬರಬೇಡ. ನಿನ್ನ ಮೇಲಿನ ಕೋಪಕ್ಕಲ್ಲ.

ಮಾಸ್ಟರ್


ಏಪ್ರಿಲ್ ೧೯

ಮಾಸ್ಟರಿಗೆ,

ನಿಮ್ಮ ಕಾಗದವನ್ನು ಫಿಸಿಯೋ ಅವರ ಮನೆಗೇ ಹೋಗಿ ಕೊಟ್ಟೆ. ಎಡಗೈಯಲ್ಲಿ ಬಿಡಿಸಿ ಓದಿದರು. "ದೂರು ಕೊಡಲ್ಲಮ್ಮ. ಆದ್ರೆ ಆ ಮನೆ ಮೆಟ್ಟಿಲು ಮತ್ತೆ ಹತ್ತು ಅನ್ಬೇಡಿ" ಎಂದರು. ಅವರ ಕೆಲಸವೇ ಕೈಯಿಂದ ಮಾಡುವಂಥದ್ದು. ಅವರ ಹೆಂಡತಿ ನನಗೆ ಕೂರಲು ಹೇಳಲಿಲ್ಲ. ನಾನೂ ಕೂರುವ ಧೈರ್ಯ ಮಾಡಲಿಲ್ಲ.

ನಿಮ್ಮನ್ನು ಮನೆಗೆ ಕಳಿಸುವಾಗ ನಿಮ್ಮ ತಮ್ಮ ಬಂದು ಕರೆದುಕೊಂಡು ಹೋಗುತ್ತಾರೆ, ಕೆಲವು ವಾರ ಜೊತೆಗಿರುತ್ತಾರೆ. ನಾನು ಬರುವುದಿಲ್ಲ.

ನೀವು ಅಷ್ಟು ಬರೆದ ಮೇಲೆ ನಾನು ಇಷ್ಟಾದರೂ ಬರೆಯಬೇಕು. ಅಕ್ಕ ಫೆಬ್ರವರಿಯಲ್ಲೇ ಕೋಲು ಹಿಡಿದು ನಡೆಯುತ್ತಿದ್ದಳು. ಅವಳಿಗೆ ನಾನು ಬೇಕು ಎಂದು ಬರೆದದ್ದು ಸುಳ್ಳು. ಇಲ್ಲಿ ಯಾರೂ ನನ್ನ ಹೆಜ್ಜೆ ಎಣಿಸುವುದಿಲ್ಲ. ಅಂಗಡಿಗೆ ಹೋಗಿ ತಡವಾಗಿ ಬಂದರೆ ಅಕ್ಕ ತಲೆ ಎತ್ತಿಯೂ ನೋಡುವುದಿಲ್ಲ. ಅದು ಎಷ್ಟು ಹಿತವಾಗಿತ್ತೆಂದರೆ, ನೀವು ಹುರುಪಿನ ಕಾಗದ ಬರೆದಾಗ ಏನೋ ಸರಿಯಿಲ್ಲ ಎಂದು ಒಳಮನಸ್ಸಿಗೆ ಅನಿಸಿದರೂ ಸುಮ್ಮನಾದೆ. ಚೆನ್ನಾಗಿದ್ದಾರೆ ಎಂದುಕೊಂಡರೆ ಇನ್ನೊಂದು ತಿಂಗಳು ಇಲ್ಲೇ ಇರಬಹುದಿತ್ತಲ್ಲ. ನಿಮ್ಮ ಎದೆಗಿಂತ ಇದು ಹೆಚ್ಚು ನಾಚಿಕೆಯ ವಿಷಯ.

ನನಗೆ ನಿಮ್ಮನ್ನು ಕಂಡರೆ ಭಯ, ಮಾಸ್ಟರ್. ಮರುಕವೂ ಇದೆ, ಆದರೆ ಭಯ ಹೋಗಿಲ್ಲ.

ಸೂಜಿ


ಜುಲೈ ೨

ಸೂಜಿ,

ನಿನ್ನ ಏಪ್ರಿಲಿನ ಕಾಗದಕ್ಕೆ ಉತ್ತರ ತಡವಾಯಿತು. ಭಯವಿದೆ ಎಂದು ಬರೆದೆಯಲ್ಲ, ಅದಕ್ಕೆ ಏನು ಬರೆದರೂ ನಿನ್ನನ್ನು ಒಪ್ಪಿಸುವ ಮಾತಾಗುತ್ತಿತ್ತು. ವರದಿ ಮಾತ್ರ ಕೊಡುತ್ತೇನೆ.

ತಮ್ಮ ಹೋದ ವಾರ ತನ್ನ ಮನೆಗೆ ಹೊರಟ. ಇಲ್ಲಿಯ ನಮ್ಮ ಹಳೆಯ ಡಾಕ್ಟರಿಗೆ ಎಲ್ಲವನ್ನೂ ನಾನೇ ಹೇಳಿದೆ, ತಮ್ಮನನ್ನು ಹೊರಗೆ ಕೂರಿಸಿ. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಹಾರ್ಮೋನು ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಇಳಿದಿದೆ. ನೋವು ಹೋಯಿತು, ಒದ್ದೆ ಚುಕ್ಕೆ ಮತ್ತೆ ಕಂಡಿಲ್ಲ. ಎದೆ ಸ್ವಲ್ಪ ಕುಗ್ಗಿದೆ, ಪೂರ್ತಿ ಹೋಗಲಿಕ್ಕಿಲ್ಲವಂತೆ. ಬೇಕಾದರೆ ಆಪರೇಷನ್ ಇದೆ ಎಂದರು. ಬೇಡ ಎಂದೆ. ಮೂಳೆ ತುಸು ಸವೆದಿದೆ, ಅದಕ್ಕೂ ಮಾತ್ರೆ ಕೊಟ್ಟಿದ್ದಾರೆ. ಹೊಸ ಮಾತ್ರೆಯಿಂದ ಮೊದಮೊದಲು ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಕಾಲು ತಾನಾಗಿ ಅಲ್ಲಾಡುತ್ತಿತ್ತು. ಬಿಡಲಿಲ್ಲ. ಹೇಳಿದೆ, ಪ್ರಮಾಣ ತಗ್ಗಿಸಿದರು. ಆ ಇನ್ನೊಂದು ವಿಷಯದಲ್ಲಿ, ಬೆಳಿಗ್ಗೆ ಎಚ್ಚರವಾದಾಗ ಒಮ್ಮೊಮ್ಮೆ ದೇಹ ತಾನಿನ್ನೂ ಇದ್ದೇನೆ ಎನ್ನುತ್ತದೆ. ಇದನ್ನು ಬರೆಯುವಾಗ ನನ್ನ ಕಿವಿ ಬಿಸಿಯಾಗಿದೆ.

ನಿನ್ನೆ ನೀರಿಗಿಳಿದೆ. ಮೇಲೆ ಅಂಗಿ ಹಾಕಿಕೊಂಡೇ ಇಳಿದೆ, ಒದ್ದೆಯಾದ ಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬ್ಯಾಂಕ್ ಮ್ಯಾನೇಜರ್ ನೋಡಿದರು. "ಮಾತ್ರೆಯಿಂದ ಆದದ್ದು" ಎಂದೆ. ಯಾವ ಮಾತ್ರೆ ಎಂದರು. "ತಲೆ ಕೆಟ್ಟಿತ್ತು, ಅದರದ್ದು" ಎಂದೆ. ಆಮೇಲೆ ಅವರನ್ನು ಅಂಗಾತ ಮಲಗಿಸಿ, ಬೆನ್ನಿನ ಕೆಳಗೆ ಕೈಯಿಟ್ಟು ತೇಲಿಸಿದೆ. ನನ್ನ ಎದೆ ಅವರ ಮುಖಕ್ಕೆ ಗೇಣು ದೂರದಲ್ಲಿತ್ತು. ಅವರು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡರು. ಮೊದಲ ಸಲ ಮುಳುಗದೆ ತೇಲಿದರು.

ನೀನು ಬಾ ಎಂದು ಕೇಳುವುದಿಲ್ಲ. ಅಲ್ಲಿ ಹಿತವಾಗಿದೆ ಎಂದೆಯಲ್ಲ, ಆ ಮಾತು ನನಗೆ ಚುಚ್ಚಿತು, ಆದರೆ ಅದು ನಿಜ.

ಮಾಸ್ಟರ್


ಜುಲೈ ೧೧

ಮಾಸ್ಟರಿಗೆ,

ಅಕ್ಕನಿಗೆ ನಿಮ್ಮ ಕಾಗದ ಓದಿ ಹೇಳಲಿಲ್ಲ. ಇದು ನನ್ನದು.

ಬರುವ ಶನಿವಾರ ಹೊರಡುತ್ತೇನೆ. ಕೆಲವು ದಿನ ಒಳಗಿನ ಕೋಣೆಯಲ್ಲಿ ನಾನೊಬ್ಬಳೇ ಮಲಗುತ್ತೇನೆ, ಚಿಲಕ ಹಾಕಿಕೊಳ್ಳುತ್ತೇನೆ. ಆ ಸದ್ದು ಕೇಳಿ ನಿಮಗೆ ನೋವಾಗುತ್ತದೆ, ತಡೆದುಕೊಳ್ಳಿ. ತೆಗೆಯಬೇಕೆನಿಸಿದ ದಿನ ನಾನೇ ತೆಗೆಯುತ್ತೇನೆ. ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ, ಕೇಳಿದ್ದಕ್ಕೆ ನೀವು ಉತ್ತರ ಹೇಳಿ. ನಾನು ಬಾಯಿ ಹಾಕುವುದಿಲ್ಲ. ತಲೆಯಲ್ಲಿ ಮತ್ತೆ ಎಲ್ಲ ಹೊಳೆಯಲು ಶುರುವಾದರೆ ಮೊದಲು ನನಗೆ ಹೇಳಬೇಕು, ನನ್ನ ಬಗ್ಗೆಯೇ ಹೊಳೆದರೂ ಸರಿ.

ನಾಚಿಕೆಪಡಬೇಡಿ ಎಂದು ನಾನು ಬರೆಯುವುದಿಲ್ಲ. ಹೇಳಿದರೆ ಹೋಗುವಂಥದ್ದಲ್ಲ ಅದು. ನನ್ನದೂ ಹೋಗಿಲ್ಲ. ಎರಡು ಊರಿನಲ್ಲಿ ಕೂತು ಬೇರೆ ಬೇರೆಯಾಗಿ ನಾಚಿಕೊಳ್ಳುವುದಕ್ಕಿಂತ ಒಂದೇ ಮನೆಯಲ್ಲಿ ನಾಚಿಕೊಂಡಿರೋಣ.

ಸೂಜಿ